ಸಾಲಿಗೊಂದು ಸ್ವರ

ಮಾರ್ಚ್ 3, ಸೋಮವಾರ

ನಮ್ಮ ಲ್ಯಾಬಿನ ಹೊಸ ಕಟ್ಟಡದ ತಂಡಕ್ಕೆ ಹೋಗುತ್ತೇನೆಂದು ಎರಡು ತಿಂಗಳಿಂದ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಕೊಂಡು ಕೂತಿದ್ದೆ. ಇವತ್ತು ಮ್ಯಾನೇಜರ್ ಒಳಗೆ ಕರೆದಾಗ ಅದೇ ಸುದ್ದಿ ಎಂದುಕೊಂಡು ಕೂದಲು ಸರಿಮಾಡಿಕೊಂಡು ಹೋದೆ. ಈ ಮನುಷ್ಯ ಬಾಯಿ ತೆರೆದರೆ ಒಂದು ಗಡುವು ಉದುರುತ್ತದೆ. ಅದಕ್ಕೇ ಮನಸ್ಸಿನಲ್ಲಿ ನಾನು ಇವನನ್ನು ಗಡುವಪ್ಪ ಎನ್ನುವುದು.

"ಮೇಷ್ಟ್ರ ಕಣ್ಣು ಹೋಗ್ತಾ ಇದೆ, ಗೊತ್ತಲ್ಲ?" ಅಂದ.

ಗೊತ್ತು. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು. ರಕ್ತಪರೀಕ್ಷೆಯ ಯಂತ್ರಗಳಿಂದ ಅಂಕಿಗಳನ್ನು ತೆಗೆದು ವರದಿ ಮಾಡಿ ಕಳಿಸುವ ಕಂಪ್ಯೂಟರ್ ಸ್ಕ್ರಿಪ್ಟ್‌ಗಳನ್ನೆಲ್ಲ ಇಪ್ಪತ್ತು ವರ್ಷದ ಹಿಂದೆ ಬರೆದವನು ಆ ಮುದುಕ. ಇಲ್ಲಿಗೆ ಬಂದವರಿಗೆಲ್ಲ ಕೆಲಸ ಕಲಿಸಿದ್ದಕ್ಕೆ ಮೇಷ್ಟ್ರು ಎಂಬ ಹೆಸರು. ನನಗೂ ಕಲಿಸಿದ್ದಾನೆ, ಹೆಚ್ಚಾಗಿ ಬೈದು.

"ನಾವು ಸ್ಕ್ರಿಪ್ಟ್ ಬರೆಯೋ ಎಡಿಟರ್ ಇದೆಯಲ್ಲ, ಅದಕ್ಕೆ ಏನಾದ್ರೂ ಆಡ್-ಆನ್ ಮಾಡಿಕೊಡಿ. ಅವರು ಕೇಳಿಸಿಕೊಂಡೇ ಕೆಲಸ ಮಾಡೋ ಹಾಗೆ. ಇಪ್ಪತ್ನಾಲ್ಕಕ್ಕೆ ಪರಿಶೀಲನೆ. ಆದ್ರೆ ಇರ್ತಾರೆ. ಇಲ್ದಿದ್ರೆ ಮನೆಗೆ ಕಳಿಸಬೇಕಾಗುತ್ತೆ."

"ನಾನೇ ಯಾಕೆ?"

"ನಿಮಗೆ ಎಡಿಟರ್‌ಗೆ ಬಾಲ, ಕೊಂಬು ಕಟ್ಟೋ ಹುಚ್ಚಿದೆಯಲ್ಲ."

ಹೌದು, ನನ್ನ ಎಡಿಟರ್‌ನಲ್ಲಿ ಇಪ್ಪತ್ತಾರು ಆಡ್-ಆನ್ ಇವೆ. ಆವರಣಗಳಿಗೆ ಬಣ್ಣ ಹಚ್ಚಲು ಒಂದು, ಒಂದೇ ಏಟಿಗೆ ಹತ್ತು ಸಾಲು ಅತ್ತಿತ್ತ ಸರಿಸಲು ಒಂದು. ನನ್ನ ಅನುಕೂಲಕ್ಕೆ ಮಾಡಿಕೊಂಡದ್ದು ನನ್ನ ಕೊರಳಿಗೇ ಬಂತು. ಅರವತ್ತರ ಹತ್ತಿರದ ಸಿಡುಕನ ಪಕ್ಕ ಮೂರು ವಾರ.

ಮಾರ್ಚ್ 5, ಬುಧವಾರ

ಅಕ್ಷರ ದೊಡ್ಡದು ಮಾಡಿಕೊಟ್ಟೆ. ಹಿನ್ನೆಲೆ ಕಪ್ಪು, ಅಕ್ಷರ ಹಳದಿ. ಪರದೆಯ ತುಂಬ ನಾಲ್ಕೇ ಪದ.

ಮುದುಕ ತಲೆಯನ್ನು ಓರೆ ಮಾಡಿ, ಪಕ್ಕದ ಗೋಡೆಯನ್ನು ನೋಡುವವನ ಹಾಗೆ ಕೂತ. ಅವನಿಗೆ ಅಂಚು ಕಾಣುತ್ತದೆ, ನಡು ಕಾಣುವುದಿಲ್ಲವಂತೆ. ಬಾಗಿಲ ಚೌಕಟ್ಟು ಕಾಣುತ್ತದೆ, ಅದರಲ್ಲಿ ನಿಂತವರ ಮುಖ ಕಾಣುವುದಿಲ್ಲ.

"ಇದು ದೊಡ್ಡದಾಗಿದೆ ಅಷ್ಟೇ ಕಣಮ್ಮ. ಕಾಣದೇ ಇರೋದು ದೊಡ್ಡದಾಗಿ ಕಾಣ್ತಿಲ್ಲ" ಅಂದ.

ಎರಡು ದಿನದ ಕೆಲಸ ನೀರಲ್ಲಿ ಹೋಮ. ಅದನ್ನು ಮೊದಲೇ ಹೇಳಬಾರದಿತ್ತೆ? ಕೇಳಿದರೆ, "ನೀನು ಕೇಳಲಿಲ್ಲವಲ್ಲ" ಎಂಬ ಉತ್ತರ.

ಮಾರ್ಚ್ 6, ಗುರುವಾರ

ಬೆಳಗ್ಗೆಯಿಂದ ತಲೆನೋವು. ಬರೆಯುವಂಥದ್ದು ಏನೂ ಆಗಲಿಲ್ಲ.

ಮಾರ್ಚ್ 10, ಸೋಮವಾರ

ಓದಿ ಹೇಳುವ ಆಡ್-ಆನ್ ಸಿದ್ಧವಾಯಿತು. ಬಾಣದ ಕೀಲಿ ಒತ್ತಿದಂತೆ ಒಂದೊಂದು ಸಾಲನ್ನೂ ಧ್ವನಿ ಓದುತ್ತದೆ. ಎಷ್ಟು ನಿಷ್ಠೆಯ ಧ್ವನಿ ಎಂದರೆ ಏನನ್ನೂ ಬಿಡುವುದಿಲ್ಲ. "ಖಾಲಿ ಖಾಲಿ ಖಾಲಿ ಖಾಲಿ, ಇಫ್, ಆವರಣ ಶುರು, ಮಾದರಿ, ಚುಕ್ಕಿ, ಸ್ಥಿತಿ, ಸಮ, ಸಮ..." ಸಾಲು ಮುಗಿಯುವ ಹೊತ್ತಿಗೆ ಶುರುವಿನಲ್ಲಿ ಏನಿತ್ತು ಎಂಬುದೇ ಮರೆತುಹೋಗುತ್ತದೆ.

ಮುದುಕ ಹತ್ತು ಸಾಲು ಕೇಳಿ ಇಯರ್‌ಫೋನ್ ತೆಗೆದಿಟ್ಟ.

"ಇದಕ್ಕೆ ಉಸಿರಾಡೋದು ಕಲಿಸು."

"ಹಾಗಾದ್ರೆ ಖಾಲಿ ಜಾಗ ಓದೋದು ಬೇಡ್ವಾ?"

"ಬೇಡ."

ತೆಗೆದೆ. ಮಧ್ಯಾಹ್ನ ಮತ್ತೆ ಕರೆದ. "ಖಾಲಿ ಜಾಗ ಗೊತ್ತಾಗ್ತಿಲ್ಲ. ಈ ಸಾಲು ಯಾವುದರ ಒಳಗಿದೆ ಅಂತ ಹೇಗೆ ತಿಳ್ಕೊಳ್ಳಲಿ?"

ನಮ್ಮ ಸ್ಕ್ರಿಪ್ಟ್ ಭಾಷೆಯಲ್ಲಿ ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೇವೆ ಎನ್ನುವುದಕ್ಕೂ ಅರ್ಥವಿದೆ. ಬಲಕ್ಕೆ ಸರಿದ ಸಾಲು ಮೇಲಿನ ಸಾಲಿನ ಅಧೀನ, ಎಡಕ್ಕೆ ಬಂದರೆ ಸ್ವತಂತ್ರ. ಹಾಗಾಗಿ ಅವನು ಹೇಳಿದ್ದು ಸರಿಯೇ. ಅದಕ್ಕೇ ಇನ್ನೂ ಸಿಟ್ಟು ಬಂತು.

"ಬೇಡ ಅಂದೋರು ನೀವೇ ಮೇಷ್ಟ್ರೇ."

"ಅಂದೆ. ಈಗ ಬೇಕು ಅಂತಿದೀನಿ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇಲ್ಲಿ ಬರೆಯುತ್ತೇನೆ: ಇವನು ಮನೆಗೆ ಹೋದರೆ ಯಾರಿಗೂ ನಷ್ಟವಿಲ್ಲ.

ಮಾರ್ಚ್ 12, ಬುಧವಾರ

ಅಮ್ಮ ಕೇಳಿದಳು, "ಅದೇನೇ ದಿನಾ ಎಡಿಟರ್, ಎಡಿಟರ್ ಅಂತ ಗೊಣಗ್ತೀಯ, ಪೇಪರಿನ ಕೆಲಸ ಯಾವಾಗ ಸೇರಿದೆ?" ನಕ್ಕು ವಿವರಿಸಿದೆ. ಬರೆಯುವುದಕ್ಕೆ ಇರುವ ತಂತ್ರಾಂಶ, ಅದಕ್ಕೆ ನಮಗೆ ಬೇಕಾದ ಹೊಸ ವಿದ್ಯೆ ಕಲಿಸಬಹುದು, ಆ ವಿದ್ಯೆಗೆ ಆಡ್-ಆನ್ ಎನ್ನುತ್ತಾರೆ ಎಂದೆ. ಮುದುಕನ ಕಥೆಯನ್ನೂ ಹೇಳಿದೆ.

ಅಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತವಳು. ಬಟಾಣಿ ಸುಲಿಯುತ್ತಾ ಕೇಳಿಸಿಕೊಂಡಳು.

"ನೀನು ಅವರಿಗೆ ಎಲ್ಲಾನೂ ಹೇಳೋಕೆ ಹೋಗ್ತಿದೀಯ. ಕಿವಿ ಕಣ್ಣಿನ ಹಾಗಲ್ಲ ಕಣೇ. ಕಣ್ಣು ಬೇಡದ್ದನ್ನ ದಾಟಿಕೊಂಡು ಹೋಗುತ್ತೆ, ಕಿವಿ ಪಾಪ ಸರದಿಯಲ್ಲಿ ನಿಲ್ಲುತ್ತೆ."

"ಮತ್ತೆ ನೀನು ಹೇಗೆ ಮಾಡ್ತಿದ್ದೆ?"

"ದೂರದ ಕರೆ ಬಂದ್ರೆ ಮಾತು ಶುರುವಾಗೋ ಮುಂಚೆನೇ ಗೊತ್ತಾಗ್ತಿತ್ತು. ಹಿಂದೆ ಒಂದು ಗುಂಯ್ ಅನ್ನೋ ಸದ್ದು. ಹತ್ತಿರದ್ದಕ್ಕೆ ಬೇರೆ ಸದ್ದು. ಎಷ್ಟು ದೂರ ಅಂತ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ."

ಬಟಾಣಿ ಸಿಪ್ಪೆಯನ್ನು ನನ್ನ ಮಡಿಲಿಗೇ ಹಾಕಿ ಎದ್ದುಹೋದಳು.

ಮಾರ್ಚ್ 13, ಗುರುವಾರ

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಿಟರ್ ಮುಂದೆ ಅರ್ಧ ಗಂಟೆ ಕೂತೆ. ಮೂವತ್ತು ಸಾಲಿನ ಸ್ಕ್ರಿಪ್ಟ್‌ನಲ್ಲಿ ಆರು ಸಲ ದಾರಿ ತಪ್ಪಿದೆ. ಒಂದು ಸಾಲನ್ನು ಗೊತ್ತಿಲ್ಲದೆ ಅಳಿಸಿಯೂ ಬಿಟ್ಟೆ. ಬಟ್ಟೆ ಬಿಚ್ಚಿದಾಗ ಬೆನ್ನು ಬೆವೆತಿತ್ತು.

ಈ ಮನುಷ್ಯನ ಹತ್ತಿರ ಬಿಚ್ಚುವುದಕ್ಕೆ ಬಟ್ಟೆಯೇ ಇಲ್ಲ.

ಮಾರ್ಚ್ 17, ಸೋಮವಾರ

ಮೂರು ದಿನ ಕೂತು ಸ್ವರ ಜೋಡಿಸಿದೆ. ಧ್ವನಿ ಸಾಲನ್ನು ಓದುವ ಮುನ್ನ ಒಂದು ಚಿಕ್ಕ ಸ್ವರ ಬರುತ್ತದೆ. ಸಾಲು ಎಡ ಅಂಚಿನಲ್ಲಿದ್ದರೆ ಮೇಲಿನ ಸ್ವರ, ಒಳಗೆ ಹೋದಂತೆ ಒಂದೊಂದು ಮೆಟ್ಟಿಲು ಕೆಳಗೆ. ಚುಕ್ಕಿ, ಆವರಣಗಳನ್ನೆಲ್ಲ ಓದುವುದನ್ನು ಬಿಡಿಸಿದೆ. ಬೇಕಾದರೆ ಒಂದು ಕೀಲಿ ಒತ್ತಿದರೆ ಮಾತ್ರ ಪೂರ್ತಿ ಓದುತ್ತದೆ. ಇನ್ನೊಂದು ಕೀಲಿ ಒತ್ತಿದರೆ, "ವರದಿ ಕಳಿಸುವ ಭಾಗ, ಎರಡನೇ ಒಳಸುತ್ತು" ಎಂದು ಎಲ್ಲಿದ್ದೇವೆ ಎಂಬುದನ್ನಷ್ಟೇ ಹೇಳುತ್ತದೆ.

ಮೇಷ್ಟ್ರು ಇಯರ್‌ಫೋನ್ ಹಾಕಿಕೊಂಡು ಕೂತ. ಐದು ನಿಮಿಷ, ಹತ್ತು ನಿಮಿಷ. ಬೆರಳು ಕೆಳಗಿನ ಬಾಣವನ್ನು ಒತ್ತುತ್ತಲೇ ಇತ್ತು. ಬೈಯುವುದಕ್ಕೆ ಪದ ಹುಡುಕುತ್ತಿದ್ದಾನೆ ಎಂದುಕೊಂಡು ನಾನು ಉಗುರು ಕಚ್ಚುತ್ತಾ ನಿಂತಿದ್ದೆ.

"ಇದು ತೀರಾ ನಿಧಾನ" ಅಂದ ಕೊನೆಗೆ.

ನನ್ನ ಮೈ ಉರಿಯಿತು. "ಇದಕ್ಕಿಂತ ವೇಗ ಮಾಡಿದ್ರೆ ಅರ್ಥ ಆಗಲ್ಲ ಮೇಷ್ಟ್ರೇ."

"ನಿನಗಾಗಲ್ಲ. ಮೂರು ಪಟ್ಟು ಮಾಡು."

ಮಾಡಿದೆ. ನನಗೆ ಇಲಿ ಜಗಳದ ಹಾಗೆ ಕೇಳಿಸಿತು. ಮೇಷ್ಟ್ರು ಮಾತ್ರ ತಲೆಯಾಡಿಸುತ್ತಾ ನೂರು ಸಾಲು ಇಳಿದು, ಎಪ್ಪತ್ತಕ್ಕೆ ವಾಪಸು ಹತ್ತಿ, ಒಂದು ಹೆಸರು ತಿದ್ದಿದರು. ಸರಿಯಾಗಿಯೇ ತಿದ್ದಿದ್ದರು. ಎದ್ದು ಹೋಗುವಾಗ ನನ್ನ ಕುರ್ಚಿಗೆ ಕಾಲು ತಾಗಿಸಿಕೊಂಡು, "ಇದನ್ನ ಇಲ್ಲಿ ಇಟ್ಟೋರ್ಯಾರು?" ಎಂದು ಗದರಿದರು. ಅದು ಹದಿನೈದು ವರ್ಷದಿಂದ ಅಲ್ಲೇ ಇದೆ.

ಮಾರ್ಚ್ 20, ಗುರುವಾರ

ಇನ್ನು ಮುಗಿಯಿತು ಎಂದುಕೊಂಡಿದ್ದೆ. ಮುಗಿಯುವ ಹಣೆಬರಹ ನನ್ನದಲ್ಲ.

ಮೇಷ್ಟ್ರು ಅಭ್ಯಾಸಕ್ಕೆಂದು ವರದಿ ತಡೆಯುವ ಸ್ಕ್ರಿಪ್ಟ್ ಕೇಳುತ್ತಿದ್ದರು. ಯಂತ್ರ ಯಾವುದಾದರೂ ರಕ್ತದ ಮಾದರಿಗೆ 'ಕೆಟ್ಟಿದೆ, ಮರುಪರೀಕ್ಷೆ ಮಾಡಿ' ಎಂದು ಗುರುತು ಹಾಕಿದರೆ ಆ ವರದಿ ಹೊರಗೆ ಹೋಗದಂತೆ ಹಿಡಿದಿಡುವುದು ಅದರ ಕೆಲಸ. ನನ್ನನ್ನು ಕರೆದರು.

"ನಿನ್ನ ಸ್ವರ ತಪ್ಪು ಹೇಳ್ತಿದೆ. ನೂರ ಹದಿನೆಂಟನೇ ಸಾಲು. ಕೆಳಗಿರಬೇಕಾದ್ದು ಮೇಲೆ ಕೂಗ್ತಿದೆ."

ಕೇಳಿದೆ. ಹೌದು, ಒಂದು ಮೆಟ್ಟಿಲು ಮೇಲೆ.

ಪರಿಶೀಲನೆಗೆ ನಾಲ್ಕು ದಿನ ಇರುವಾಗ ಇದು. ಇಡೀ ದಿನ ಆಡ್-ಆನ್‌ನ ಹೊಟ್ಟೆ ಬಗೆದು ನೋಡಿದೆ. ಸ್ವರ ಲೆಕ್ಕ ಹಾಕುವ ಭಾಗ ಮೂರು ಸಲ ಬರೆದೆ. ಬೇರೆ ನಲವತ್ತು ಸ್ಕ್ರಿಪ್ಟ್ ಮೇಲೆ ಓಡಿಸಿದೆ, ಎಲ್ಲೆಡೆ ಸರಿ. ಈ ಒಂದು ಸಾಲಿನಲ್ಲಿ ಮಾತ್ರ ಹಟ. ಗಡುವಪ್ಪ ಬಾಗಿಲಲ್ಲಿ ನಿಂತು, "ಸೋಮವಾರ ನೆನಪಿದೆ ತಾನೆ?" ಎಂದು ಕೇಳಿ ಹೋದ. ಮೇಜಿನ ಮೇಲಿದ್ದ ಲೋಟ ಎತ್ತಿ ಎಸೆಯುವಷ್ಟು ಕೋಪ ಬಂದಿತ್ತು. ಲೋಟದಲ್ಲಿ ಚಹಾ ಇತ್ತು, ಕುಡಿದೆ.

ಮಾರ್ಚ್ 21, ಶುಕ್ರವಾರ

ಆಡ್-ಆನ್ ಸರಿಯಾಗಿದೆ. ಸಾಲು ತಪ್ಪಾಗಿದೆ.

ಬೆಳಗ್ಗೆ ಬಂದು ಆಡ್-ಆನ್ ಬದಿಗಿಟ್ಟು ಸ್ಕ್ರಿಪ್ಟ್ ಅನ್ನೇ ತೆರೆದು ಕಣ್ಣಿಂದ ನೋಡಿದೆ. ನೂರ ಹದಿನೆಂಟನೇ ಸಾಲು ಒಂದು ಹೆಜ್ಜೆ ಎಡಕ್ಕೆ ನಿಂತಿದೆ. ಪ್ರತಿಯೊಂದು ಮಾದರಿಯನ್ನೂ ನೋಡಬೇಕಾದ ತಪಾಸಣೆ, ಮಾದರಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಸುತ್ತಿನ ಹೊರಗೆ ಬಿದ್ದು, ಸುತ್ತು ಮುಗಿದ ಮೇಲೆ ಒಂದೇ ಸಲ ನಡೆಯುತ್ತಿದೆ. ಅಂದರೆ ನಲವತ್ತು ಮಾದರಿಯ ತಟ್ಟೆಯಲ್ಲಿ ಕೊನೆಯದೊಂದನ್ನು ಮಾತ್ರ ತಡೆಯುತ್ತದೆ. ಉಳಿದ ಮೂವತ್ತೊಂಬತ್ತರಲ್ಲಿ ಯಾವುದಕ್ಕೆ ಗುರುತು ಬಿದ್ದಿದ್ದರೂ ವರದಿ ಸಲೀಸಾಗಿ ಹೋಗಿಬಿಡುತ್ತದೆ. ಕಣ್ಣಿಗೇ ಕಾಣುವಷ್ಟು ಕೆಟ್ಟ ಮಾದರಿಯನ್ನು ಲ್ಯಾಬಿನವರೇ ಎತ್ತಿಡುತ್ತಾರೆ. ಅದಕ್ಕೇ ಯಾರಿಗೂ ಅನುಮಾನ ಬಂದಿಲ್ಲ.

ಸಾಲನ್ನು ಅದರ ಜಾಗಕ್ಕೆ ಸರಿಸಿ ಮೇಷ್ಟ್ರಿಗೆ ಹೇಳಿದೆ. ಅವರು ಇಯರ್‌ಫೋನ್ ಸುತ್ತಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಲ್ಯಾಬಿನ ಡಾಕ್ಟರಮ್ಮನ ಹತ್ತಿರ ತಾವೇ ಹೋದರು. ನಾನು ಹಿಂದೆ ಹೋದೆ.

"ನಮ್ಮ ಸ್ಕ್ರಿಪ್ಟ್‌ನಲ್ಲಿ ತಪ್ಪಾಗಿದೆ ಡಾಕ್ಟ್ರೇ. ಈಗ ಸರಿ ಮಾಡಿದೀವಿ. ಹಿಂದೆ ಹೋದ ವರದಿಗಳನ್ನ ನೋಡಬೇಕು" ಅಂದರು.

"ಯಾವಾಗಿಂದ?"

ಮೇಷ್ಟ್ರು ನನ್ನ ಕಡೆ ತಿರುಗಿದರು. ಅಂದರೆ ನನ್ನ ಪಕ್ಕದ ಗೋಡೆಯ ಕಡೆ. "ಯಾವಾಗಿಂದಮ್ಮ? ಯಾರು ಮುಟ್ಟಿದ್ದು?"

"ನೋಡ್ಬೇಕು" ಎಂದೆ.

ನೋಡಿಯಾಗಿತ್ತು. ಯಾರು ಯಾವಾಗ ತಿದ್ದಿದರೆಂದು ಹೇಳುವ ಆ ಸಾಲಿನ ಚರಿತ್ರೆಯನ್ನು ಬೆಳಗ್ಗೆಯೇ ತೆಗೆದಿದ್ದೆ. ಐದು ತಿಂಗಳ ಹಿಂದೆ, 'ಸಾಲುಗಳನ್ನು ಅಚ್ಚುಕಟ್ಟು ಮಾಡಿದೆ' ಎಂಬ ಟಿಪ್ಪಣಿಯೊಡನೆ ಹತ್ತು ಸಾಲು ಸರಿಸಿದವಳು ನಾನು, ಸರಿಸಬಾರದಿದ್ದ ಇದನ್ನೂ ಸೇರಿಸಿ. ಒಂದೇ ಏಟಿಗೆ.

ಮಾರ್ಚ್ 22, ಶನಿವಾರ

ಡಾಕ್ಟರಮ್ಮನಿಗೆ ತಾರೀಖು ಮಾತ್ರ ಕಳಿಸಿದೆ. ಹೆಸರು ಕೇಳಿರಲಿಲ್ಲ.

ಅಮ್ಮ, "ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?" ಅಂದಳು. ಹೊಟ್ಟೆ ಸರಿಯಿಲ್ಲ ಎಂದೆ. ಅವಳು ನಿಜವಾಗಿಯೂ ಹರಳೆಣ್ಣೆ ತಂದಿಟ್ಟಳು.

ಮಾರ್ಚ್ 24, ಸೋಮವಾರ

ಪರಿಶೀಲನೆ. ಮೇಜಿನ ಸುತ್ತ ಗಡುವಪ್ಪ, ಡಾಕ್ಟರಮ್ಮ, ಮೇಲಿನ ಕಚೇರಿಯ ಇಬ್ಬರು, ಮೇಷ್ಟ್ರು, ನಾನು. ಆಡ್-ಆನ್ ತೋರಿಸುವುದಕ್ಕೆ ಎಂದು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡಿದ್ದೆ. ಯಾರೂ ಅದರತ್ತ ನೋಡಲಿಲ್ಲ.

ಗಡುವಪ್ಪ ಗಂಟಲು ಸರಿಮಾಡಿಕೊಂಡ. "ಮೇಷ್ಟ್ರ ಬಗ್ಗೆ ನಮಗೆಲ್ಲ ಗೌರವ ಇದೆ. ಆದ್ರೆ ಕಣ್ಣು ಕಾಣದೆ ಇರುವಾಗ ಸ್ಕ್ರಿಪ್ಟ್ ಮುಟ್ಟಿದ್ರೆ ಏನಾಗುತ್ತೆ ಅನ್ನೋದು ಈಗ ಗೊತ್ತಾಗಿದೆ. ರೋಗಿಗಳ ವಿಷಯ. ಇದಕ್ಕಿಂತ ಮುಂದೆ ಹೋಗೋದು ಬೇಡ."

ಮೇಷ್ಟ್ರು ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಏನಾದರೂ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಬೇರೆ ದಿನವಾದರೆ ಕುರ್ಚಿ ಕಾಲಿಗೆ ತಾಗಿದ್ದಕ್ಕೂ ಬೈಯುವವರು.

"ಅದು ಅವರು ಮಾಡಿದ್ದಲ್ಲ" ಎಂದೆ. ಲ್ಯಾಪ್‌ಟಾಪ್ ಮುಚ್ಚಿಟ್ಟೆ. "ಆ ಸಾಲು ಸರಿಸಿದ್ದು ನಾನು. ಶುಕ್ರವಾರವೇ ನನಗೆ ಗೊತ್ತಿತ್ತು. ಹೇಳಲಿಲ್ಲ. ಐದು ತಿಂಗಳು ಕಣ್ಣಿದ್ದವರು ಯಾರೂ ಅದನ್ನ ನೋಡಲಿಲ್ಲ. ಇವರು ಕೇಳಿ ಹಿಡಿದ್ರು."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಮೂರು ದಿನ ಸುಮ್ನೆ ಇದ್ರಿ. ನನಗೆ ತಾರೀಖು ಸಿಕ್ಕಿತ್ತು, ಅದಕ್ಕೆ ಬಚಾವು" ಎಂದು ಮಾತ್ರ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದ ಮೇಲೆ ಮೇಷ್ಟ್ರನ್ನು ತಡೆದೆ. "ನಿಮಗೆ ಗೊತ್ತಿತ್ತಾ?"

"ಬರೆದವರ ಕೈ ಗೊತ್ತಾಗಲ್ವೇನಮ್ಮ? ನನ್ನ ಸಾಲುಗಳು ಅಷ್ಟು ಅಚ್ಚುಕಟ್ಟಾಗಿರಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ಕೆಲಸ ಹೋಗ್ತಿತ್ತಲ್ಲ."

"ಹೋಗ್ತಿತ್ತು" ಅಂದರು. "ಶನಿವಾರ, ಭಾನುವಾರ ಎರಡೂ ದಿನ ನಿನ್ನ ಮೇಲೆ ಕೋಪ ಮಾಡಿಕೊಂಡು ಕೂತಿದ್ದೆ."

ನನಗೂ ಕೋಪ ಬಂತು. ನನ್ನನ್ನು ಪರೀಕ್ಷೆಗೆ ಒಡ್ಡಲು ಇವರು ಯಾರು? ಮನೆಗೆ ಬಂದ ಮೇಲೂ ಆ ಕೋಪ ಇಳಿಯಲಿಲ್ಲ. ಅವರು ಇರುತ್ತಾರಂತೆ, ಸದ್ಯಕ್ಕೆ.

ಮಾರ್ಚ್ 27, ಗುರುವಾರ

ಗುರುತು ಬಿದ್ದೂ ಹೊರಗೆ ಹೋದ ವರದಿಗಳು ಮೂವತ್ತೊಂದು. ಇಪ್ಪತ್ತೆರಡು ಮಂದಿ ಆಮೇಲೆ ಬೇರೆ ಪರೀಕ್ಷೆ ಮಾಡಿಸಿಕೊಂಡಿದ್ದಾರೆ, ತೊಂದರೆಯಿಲ್ಲ. ಒಂಬತ್ತು ಮಂದಿಯನ್ನು ಕರೆಸಬೇಕು.

ಪಟ್ಟಿ ನಾನು ಮಾಡಿದೆ. ಮೇಷ್ಟ್ರು ಒಂದೊಂದು ಹೆಸರನ್ನೂ ಸಂಖ್ಯೆಯನ್ನೂ ಕೇಳಿಸಿಕೊಂಡು ತಾಳೆ ನೋಡಿದರು. ಮೂರು ಸಲ. ಎರಡನೇ ಸಲವೇ ಸಾಕು ಎಂದೆ. "ನಿನಗೆ ಸಾಕು" ಅಂದರು. ಹಲ್ಲು ಕಚ್ಚಿಕೊಂಡು ಮೂರನೇ ಸಲವೂ ಓದಿಸಿದೆ. ಏಳನೇ ಹೆಸರಿನ ಫೋನ್ ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲಾಗಿತ್ತು.

ಏಪ್ರಿಲ್ 2, ಬುಧವಾರ

ಒಂಬತ್ತರಲ್ಲಿ ಎಂಟು ಮಂದಿಗೆ ಏನೂ ಆಗಿಲ್ಲ.

ಒಂಬತ್ತನೆಯವರು ದರ್ಜಿ. ಐವತ್ತರ ಹೆಂಗಸು. ತಪ್ಪು ವರದಿ ನೋಡಿ ಅವರ ವೈದ್ಯರು ಬೇಡದ ಮಾತ್ರೆ ಕೊಟ್ಟಿದ್ದಾರೆ. ಅದನ್ನು ನುಂಗಿ ನುಂಗಿ ತಲೆಸುತ್ತು ಬಂದು, ಅಂಗಡಿಯ ಮೆಟ್ಟಿಲಲ್ಲಿ ಬಿದ್ದು ಬಲಗೈ ಮುರಿದುಕೊಂಡಿದ್ದಾರೆ. ಇವತ್ತು ಮತ್ತೆ ರಕ್ತ ಕೊಡಲು ಬಂದಿದ್ದರು. ಕೈಗೆ ಪ್ಲಾಸ್ಟರ್. ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ನಾನೇ ಒಳಗೆ ಹೋದೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಮೆಟ್ಟಿಲಿಳಿಯುವಾಗ ನಾಲ್ಕು ಸಲ ವಾಪಸು ಹೋಗೋಣ ಎನ್ನಿಸಿತ್ತು.

"ನೀವೇನಾ ಅದನ್ನ ಬರೆದಿದ್ದು?" ಎಂದು ಕೇಳಿದರು.

"ಸರಿಯಾಗಿದ್ದದ್ದನ್ನ ನಾನೇ ಕೆಡಿಸಿದ್ದು. ಅಂದವಾಗಿ ಕಾಣಲಿ ಅಂತ ಸರಿಸಿದೆ, ತಿರುಗಿ ನೋಡಲಿಲ್ಲ. ತಪ್ಪಾಯ್ತು."

ಅವರು ನನ್ನನ್ನು ಮೇಲಿಂದ ಕೆಳಗೆ ಅಳತೆ ತೆಗೆಯುವವರ ಹಾಗೆ ನೋಡಿದರು.

"ನಾನು ಬಟ್ಟೆ ಕತ್ತರಿಸೋ ಮುಂಚೆ ಎರಡು ಸಲ ಅಳೀತೀನಿ. ಅದು ಬರೀ ಬಟ್ಟೆ" ಅಂದರು.

ಹೌದೆಂದು ತಲೆಯಾಡಿಸಿದೆ.

"ಕ್ಷಮಿಸಿದೀನಿ ಅಂತ ಹೇಳಿಸಿಕೊಂಡು ಹೋಗೋಕೆ ಬಂದಿದ್ರೆ, ಇವತ್ತು ಆಗಲ್ಲ. ಈ ಕೈಯಲ್ಲಿ ಸೂಜಿಗೆ ದಾರ ಹಾಕೋವರೆಗೂ ನನಗೆ ಕೋಪ ಇರುತ್ತೆ. ಆಮೇಲೆ ನೋಡೋಣ."

"ಸರಿ" ಎಂದೆ.

ಅವರ ಚೀಲ ಜಾರುತ್ತಿತ್ತು. ಹಿಡಿಯಲು ಹೋದೆ. "ಬೇಡ" ಎಂದು ಎಡಗೈಯಲ್ಲೇ ಎತ್ತಿಕೊಂಡು ಹೋದರು.

ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬುದ್ಧಿಮಾತು ಬರುತ್ತದೆ ಎಂದುಕೊಂಡಿದ್ದೆ. ಅವಳು ಸುಮ್ಮನೆ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಏಪ್ರಿಲ್ 9, ಬುಧವಾರ

ಹೊಸ ಕಟ್ಟಡದ ತಂಡಕ್ಕೆ ಬೇರೆಯವರ ಹೆಸರು ಬಂದಿದೆ. ಸೋಮವಾರವೇ ಬಂದಿತ್ತು. ಬರೆಯಬೇಕು ಎಂದುಕೊಂಡವಳು ಮರೆತೇಬಿಟ್ಟೆ. ನನಗೆ ಕೊಟ್ಟಿರುವುದು ಬೇರೆ ಕೆಲಸ: ಇರುವ ನಾನೂರ ಹನ್ನೆರಡು ಸ್ಕ್ರಿಪ್ಟ್‌ಗಳನ್ನೂ ಮೊದಲ ಸಾಲಿನಿಂದ ಕೇಳಿ ತಪಾಸಣೆ ಮಾಡುವುದು, ಮೇಷ್ಟ್ರ ಕೈಕೆಳಗೆ. ಸಿಕ್ಕ ತಪ್ಪುಗಳಿಗೆ ಡಾಕ್ಟರಮ್ಮ ಒಂದು ಪುಸ್ತಕ ಇಟ್ಟಿದ್ದಾರೆ. ಯಾವ ಸಾಲು, ಯಾವಾಗಿನಿಂದ, ಯಾರದ್ದು ಎಂದು ಬರೆಯಬೇಕು. ಮೊದಲ ಪುಟದಲ್ಲಿ ನನ್ನ ಹೆಸರೊಂದೇ.

ನರಕ. ಗಂಟೆಗೆ ಒಂದು ಸ್ಕ್ರಿಪ್ಟ್ ಮುಗಿದರೆ ಪುಣ್ಯ. ಎರಡು ಇಯರ್‌ಫೋನ್ ಸಿಕ್ಕಿಸಿಕೊಂಡು ಇಬ್ಬರೂ ಕೇಳುತ್ತೇವೆ. ನಾನು ಎಡವಿದ ಕಡೆಯೆಲ್ಲ ಮೇಷ್ಟ್ರು ಮೇಜು ಕುಟ್ಟುತ್ತಾರೆ. ಈಗ ಒಂದೂವರೆ ಪಟ್ಟು ವೇಗದಲ್ಲಿ ನನಗೂ ಅರ್ಥವಾಗುತ್ತದೆ. ಸ್ವರಗಳ ನಡುವಿನ ಅಂತರ ಸಾಲದು, ಇನ್ನಷ್ಟು ಬಿಡಿಸಿ ಕೇಳಿಸುವಂತೆ ಮಾಡಬೇಕು. ನಾಳೆ ಮಾಡುತ್ತೇನೆ.

ಇವತ್ತು ಹದಿನೇಳನೇ ಸ್ಕ್ರಿಪ್ಟ್. ವಯಸ್ಸಿನ ಲೆಕ್ಕ ಹಾಕುವ ಹಳೆಯ ತುಣುಕು. ನಡುವೆ ಮೇಷ್ಟ್ರ ಬೆರಳು ನಿಂತಿತು. ಮೇಲಕ್ಕೆ ಹೋದರು, ಕೆಳಗೆ ಬಂದರು, ಮತ್ತೆ ಮೇಲೆ ಹೋದರು. ನಾನು ಕೇಳಿದೆ: ಎರಡನೇ ತಪಾಸಣೆ ಬರಲೇಬಾರದ ಜಾಗದಲ್ಲಿ ಬಂದಿದೆ. ಫೆಬ್ರವರಿ ಇಪ್ಪತ್ತೊಂಬತ್ತರಂದು ಹುಟ್ಟಿದ ಮಗುವಿಗೆ ವಯಸ್ಸೇ ಬರುವುದಿಲ್ಲ. ಯಾರಿಗೂ ಹಾನಿಯಾಗಿರಲಾರದು, ವರದಿಯಲ್ಲಿ ಆ ಜಾಗ ಖಾಲಿ ಬಿದ್ದಿರುತ್ತದೆ ಅಷ್ಟೇ.

ಚರಿತ್ರೆ ತೆಗೆದು ನೋಡಿದೆ. ಹತ್ತೊಂಬತ್ತು ವರ್ಷ. ನಾನು ಇಲ್ಲಿಗೆ ಬರುವ ಮೊದಲಿನದು. ಹೆಸರನ್ನು ಓದಿ ಹೇಳದೆ ಚರಿತ್ರೆ ಮುಚ್ಚಿದೆ.

"ಪುಸ್ತಕ ತೆಗಿ" ಅಂದರು ಮೇಷ್ಟ್ರು.

"ಇದೇನು ದೊಡ್ಡ ವಿಷಯ ಅಲ್ಲ ಬಿಡಿ. ಸರಿ ಮಾಡಿದ್ರಾಯ್ತು."

"ತೆಗಿಯಮ್ಮ. ಒಂದು ಪುಟದಲ್ಲಿ ನಿನ್ನ ಹೆಸರೊಂದೇ ಇದ್ರೆ ಚೆನ್ನಾಗಿರಲ್ಲ."

ಬರೆದೆ. ಸಾಲಿನ ಸಂಖ್ಯೆ, ವರ್ಷ, ಅವರ ಪೂರ್ತಿ ಹೆಸರು. ಹದಿನೈದು ವರ್ಷದಲ್ಲಿ ಅವರ ಪೂರ್ತಿ ಹೆಸರು ಬರೆದದ್ದು ಇದೇ ಮೊದಲು, ಕಾಗುಣಿತ ಅವರನ್ನೇ ಕೇಳಬೇಕಾಯಿತು. ಬರೆದದ್ದನ್ನು ಗಟ್ಟಿಯಾಗಿ ಓದು ಅಂದರು. ಓದಿದೆ. ಇನ್ನೊಂದು ಸಲ ಅಂದರು. ಓದಿದೆ.

"ಇನ್ನು ಹದಿನೆಂಟನೇದು ಹಾಕು" ಅಂದರು.